ನಗವೂ ನಾಗನೂ: ಒಂದು ಶಬ್ದವಿಚಾರ

ಶ್ರಾವಣ ಶುದ್ಧ ಪಂಚಮಿಯಂದು ಊರ ಹೊರಗಿನ ಅರಳಿಕಟ್ಟೆಯ ಬಳಿ ಹೆಂಗಳೆಯರು ನೆರೆಯುವುದು ಕನ್ನಡ ನಾಡಿನಲ್ಲಿ ಎಲ್ಲರೂ ಕಂಡ ನೋಟ. ತವರಿಗೆ ಬಂದ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ತಂಬಿಟ್ಟು, ಎಳ್ಳುಂಡೆ, ಅರಳುಗಳನ್ನು ತಟ್ಟೆಯಲ್ಲಿರಿಸಿಕೊಂಡು ಬಂದು ನಾಗರಕಲ್ಲಿಗೆ ಹಾಲೆರೆಯುತ್ತಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ಒಂದೊಂದು ಸಾರಿ ಎರೆಯುವಾಗಲೂ ಒಬ್ಬೊಬ್ಬರನ್ನು ನೆನೆಯುವ ವಾಡಿಕೆಯುಂಟು: ಇದು ದೇವರ ಪಾಲು, ಇದು ಗುರುವಿನ ಪಾಲು, ಇದು ಅಪ್ಪನ ಪಾಲು, ಇದು ಅವ್ವನ ಪಾಲು ಎಂದು. ಮನೆಯವರೆಲ್ಲರ ಕ್ಷೇಮವನ್ನು ಒಂದು ಬಟ್ಟಲು ಹಾಲಿನಲ್ಲಿ ಹಂಚಿ ಹಾರೈಸುವ ಆ ಭಾವನೆ ನಿಜಕ್ಕೂ ಮಧುರವಾದುದು.

ಅಂಥದೊಂದು ಕಟ್ಟೆಯ ಬಳಿ ಅಜ್ಜಿಯ ಸೆರಗು ಹಿಡಿದು ನಿಂತ ಬಾಲಕನೊಬ್ಬನನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಅವನು ಕಲ್ಲಿನ ಹೆಡೆಯನ್ನು ದಿಟ್ಟಿಸಿ ನೋಡಿ ಕೇಳುತ್ತಾನೆ:

"ಆಯೀ, ಇದು ಯಾರು?"

"ನಾಗಪ್ಪ, ತಮ್ಮಾ. ಕೈ ಮುಗಿ."

"ಹಂಗಾದರ ಮೊನ್ನೆ ಬಣವಿಯಾಗ ಅಪ್ಪ ಬಡಿಗಿಲೆ ಹೊಡೆದದ್ದು?"

"ಅದು ಹಾವು."

"ಅದಕ್ಕೂ ಹಿಂಗ ಹೆಡಿ ಇತ್ತಲ್ಲ ಆಯೀ!"

ಅಜ್ಜಿಯಲ್ಲಿ ಇದಕ್ಕೆ ಉತ್ತರವಿಲ್ಲ. ಪೂಜಿಸುವಾಗ ಒಂದು ಶಬ್ದ, ಹೊಡೆಯುವಾಗ ಇನ್ನೊಂದು ಶಬ್ದ. ಶಬ್ದವನ್ನು ಬದಲಿಸಿದ ಮಾತ್ರದಿಂದ ವಸ್ತುವು ಬದಲಾಯಿತೆಂದು ದೊಡ್ಡವರ ಮನಸ್ಸು ಸಮಾಧಾನಪಟ್ಟುಕೊಳ್ಳುತ್ತದೆ. ಮಗುವಿನ ಕಣ್ಣು ಹಾಗೆ ಮೋಸಹೋಗುವುದಿಲ್ಲ. ಈ ಬಾಲಕನ ಪ್ರಶ್ನೆಯನ್ನೇ 12ನೆಯ ಶತಮಾನದಲ್ಲಿ ಬಸವಣ್ಣನವರು ಸಮಸ್ತ ಲೋಕದ ಮುಂದೆ ಇಟ್ಟರು. ಅವರ ಪ್ರಶ್ನೆಯ ಆಳವನ್ನು ಅರಿಯಬೇಕಾದರೆ 'ಹಾವು', 'ನಾಗ' ಎಂಬ ಈ ಎರಡು ಶಬ್ದಗಳ ಹುಟ್ಟನ್ನೂ ಅರ್ಥವನ್ನೂ ಮೊದಲು ವಿಚಾರಿಸುವುದು ಉಚಿತ.

'ಹಾವು' ಎಂಬುದು ಅಚ್ಚಗನ್ನಡ ಶಬ್ದ. ಹಳಗನ್ನಡದಲ್ಲಿ ಇದರ ರೂಪ 'ಪಾವು'. 'ಪಾಲ್' ಎಂಬುದು 'ಹಾಲು' ಆದಂತೆ, 'ಪುಲಿ'ಯು 'ಹುಲಿ'ಯಾದಂತೆ, ಪದದ ಆದಿಯ ಪಕಾರವು ಹಕಾರವಾಗುವ ನಮ್ಮ ನುಡಿಯ ನಿಯಮಕ್ಕೆ ಅನುಸಾರವಾಗಿ 'ಪಾವು' 'ಹಾವು' ಆಯಿತು. ತಮಿಳು ಮಲಯಾಳಗಳಲ್ಲಿ ಇದೇ ಶಬ್ದವು 'ಪಾಂಬು' ಎಂದೂ ತೆಲುಗಿನಲ್ಲಿ 'ಪಾಮು' ಎಂದೂ ಇರುವುದು. ದ್ರಾವಿಡ ಭಾಷೆಗಳು ಬೇರೆ ಬೇರೆಯಾಗುವುದಕ್ಕೆ ಮುಂಚಿನಿಂದ ಒಕ್ಕಲಿಗನ, ದನಗಾಹಿಯ, ತಾಯಂದಿರ ಬಾಯಲ್ಲಿ ಉಳಿದು ಬಂದ ಮಾತಿದು. ಇದರಲ್ಲಿ ಭಕ್ತಿಯೂ ಇಲ್ಲ, ದ್ವೇಷವೂ ಇಲ್ಲ. ಇದ್ದುದನ್ನು ಇದ್ದಂತೆ ಹೇಳುವ ಶಬ್ದ.

ಸಂಸ್ಕೃತದಲ್ಲಿ ಈ ಪ್ರಾಣಿಗೆ ಹೆಸರುಗಳು ಹಲವು. ಅಮರಸಿಂಹನು ತನ್ನ ಕೋಶದ ಪಾತಾಳಭೋಗಿವರ್ಗದಲ್ಲಿ ಇವುಗಳ ಒಂದು ಮಾಲಿಕೆಯನ್ನೇ ಕೊಟ್ಟಿದ್ದಾನೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯವು ತೋರುವುದು. 'ಸರ್ಪ'ವು 'ಸೃಪ್' ಎಂಬ ಧಾತುವಿನಿಂದ ಹುಟ್ಟಿದುದು. ಹರಿದು ಹೋಗುವುದು ಎಂದರ್ಥ. ಲ್ಯಾಟಿನ್ ಭಾಷೆಯ 'ಸರ್ಪೆನ್ಸ್', ಅದರ ಮೂಲಕ ಬಂದ ಇಂಗ್ಲಿಷಿನ 'ಸರ್ಪೆಂಟ್' ಇದರ ದಾಯಾದಿಗಳು. 'ಉರಗ'ವೆಂದರೆ ಎದೆಯಿಂದ ನಡೆಯುವುದು. 'ಭುಜಗ', 'ಭುಜಂಗ'ಗಳೆಂದರೆ ಬಾಗಿ ಬಳುಕಿ ನಡೆಯುವುದು. 'ಜಿಹ್ಮಗ'ವೆಂದರೆ ವಕ್ರವಾಗಿ ಸಾಗುವುದು. 'ಪನ್ನಗ'ವೆಂದರೆ ನೆಲಕ್ಕೆ ಬಿದ್ದು ನಡೆಯುವುದು ಎಂದು ಕೆಲವರೂ, ಪಾದಗಳಿಂದ ನಡೆಯದುದು ಎಂದು ಕೆಲವರೂ ವಿವರಿಸುವರು. ಇವೆಲ್ಲವೂ ನಡಗೆಯಿಂದ ಬಂದ ಹೆಸರುಗಳು. ಬಣ್ಣ, ಗಾತ್ರ, ವಿಷಗಳಿಗಿಂತ ಮೊದಲು ಪ್ರಾಚೀನರ ಗಮನವನ್ನು ಸೆಳೆದುದು ಈ ಪ್ರಾಣಿಯ ಗತಿ. ಕಾಲಿಲ್ಲದೆಯೂ ನಡೆಯುವುದಲ್ಲಾ ಎಂಬ ವಿಸ್ಮಯವೇ ಹೆಸರಾಗಿ ನಿಂತಿತು. ಕೊಡಗು ಮೈಸೂರು ಸೀಮೆಗಳ ನಡುವೆ ಹರಿಯುವ ನಾಗರಹೊಳೆಗೆ ಆ ಹೆಸರು ಬಂದುದೂ ಅದರ ಅಂಕುಡೊಂಕಾದ ಹರಿವಿನಿಂದಲೇ.

ಇನ್ನು 'ನಾಗ' ಶಬ್ದ. ವೇದದ ಪ್ರಾಚೀನ ಭಾಗಗಳಲ್ಲಿ ಹಾವಿಗೆ 'ಅಹಿ', 'ಸರ್ಪ' ಎಂಬ ಮಾತುಗಳೇ ಹೆಚ್ಚು; ಇಂದ್ರನು ಕೊಂದ ವೃತ್ರನನ್ನು ಋಗ್ವೇದವು 'ಅಹಿ' ಎಂದೇ ಕರೆಯುತ್ತದೆ. 'ನಾಗ'ವು ಬ್ರಾಹ್ಮಣಗ್ರಂಥಗಳ ಕಾಲಕ್ಕೆ ಕಾಣಿಸಿಕೊಂಡು, ಪುರಾಣೇತಿಹಾಸಗಳಲ್ಲಿ ಕದ್ರುವಿನ ಮಕ್ಕಳಾದ ಶೇಷ, ವಾಸುಕಿ, ತಕ್ಷಕ ಮೊದಲಾದ ದಿವ್ಯಸರ್ಪಗಳ ಹೆಸರಾಯಿತು. ಈ ಒಂದು ಶಬ್ದಕ್ಕೆ ಅರ್ಥಗಳು ಅನೇಕ. ನಾಗವೆಂದರೆ ಹಾವು, ಆನೆಯೂ ಹೌದು, ಸೀಸವೆಂಬ ಲೋಹವೂ ಹೌದು, ವೈದ್ಯರ ನಾಗಭಸ್ಮವು ಇದರಿಂದಲೇ ಆಗುವುದು. ವೀಳ್ಯದೆಲೆಯ ಬಳ್ಳಿ ನಾಗವಲ್ಲಿ. ದೇಹದೊಳಗಿನ ಐದು ಉಪವಾಯುಗಳಲ್ಲಿ ತೇಗನ್ನುಂಟುಮಾಡುವ ವಾಯುವಿಗೂ ನಾಗವೆಂದೇ ಹೆಸರು. ಕನ್ನಡದಲ್ಲಿ ಈ ಶಬ್ದವು 'ನಾಗರ' ಎಂಬ ರೂಪವನ್ನೂ ಪಡೆದು ನಾಗರಹಾವು, ನಾಗರಕಲ್ಲು, ನಾಗರಪಂಚಮಿ ಎಂಬ ಸಮಾಸಗಳಲ್ಲಿ ನೆಲೆಗೊಂಡಿದೆ. ನಗರದಲ್ಲಿ ವಾಸಿಸುವವನು ಎಂಬರ್ಥದ ಸಂಸ್ಕೃತದ 'ನಾಗರ', 'ನಾಗರಿಕ' ಶಬ್ದಗಳೇ ಬೇರೆ. ರೂಪವು ಸಮಾನವಾದರೂ ಹುಟ್ಟು ಸಮಾನವಲ್ಲ. ಶರಣ ಪರಂಪರೆಗೂ ಈ ಶಬ್ದ ದೂರದ್ದಲ್ಲ. ಬಸವಣ್ಣನವರ ಅಕ್ಕನೂ ಚನ್ನಬಸವಣ್ಣನವರ ತಾಯಿಯೂ ಆದ ಮಹಾಶರಣೆಯ ಹೆಸರು ಅಕ್ಕನಾಗಮ್ಮ.

ವೈಯಾಕರಣರು 'ನಾಗ' ಶಬ್ದವನ್ನು ಬಿಡಿಸುವ ಬಗೆ ಇಲ್ಲಿ ಮನನೀಯ. 'ಗಮ್' ಎಂದರೆ ಹೋಗು, ಚಲಿಸು. ಚಲಿಸದುದು 'ನಗ', ಆದುದರಿಂದ ಬೆಟ್ಟಕ್ಕೂ ಮರಕ್ಕೂ 'ನಗ'ವೆಂದು ಹೆಸರು. ಅದೇ ಅರ್ಥದಲ್ಲಿ 'ಅಗ' ಎಂಬ ಇನ್ನೊಂದು ರೂಪವೂ ಉಂಟು. 'ನಗ'ದಲ್ಲಿ, ಎಂದರೆ ಬೆಟ್ಟದಲ್ಲಿ ಅಥವಾ ಮರದಲ್ಲಿ ಇರುವುದು 'ನಾಗ' ಎಂಬುದು ಒಂದು ವ್ಯುತ್ಪತ್ತಿ. 'ಅಗ'ವಲ್ಲದುದು, ಎಂದರೆ ಚಲಿಸದೆ ಇರುವಂಥದಲ್ಲ, ಚಲಿಸುವಂಥದು 'ನಾಗ' ಎಂಬುದು ಇನ್ನೊಂದು. ಒಂದು ಹ್ರಸ್ವಸ್ವರವು ದೀರ್ಘವಾದ ಮಾತ್ರಕ್ಕೆ ಅಚಲವಾದುದು ಸಚಲವಾಯಿತು, ನಗವು ನಾಗವಾಯಿತು.

ಇದೇ 'ಗಮ್' ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದವು ವೀರಶೈವರಿಗೆ ಪ್ರಾಣಸಮಾನವಾದುದು. ಅದು 'ಜಂಗಮ'. ಮತ್ತೆ ಮತ್ತೆ ಚಲಿಸುವುದು, ಸದಾ ಚಲನಶೀಲವಾದುದು ಎಂದು ಅದರ ಅರ್ಥ. 'ಜಗತ್ತು' ಎಂಬುದೂ ಆ ಧಾತುವಿನ ಸಂತಾನವೇ. ಉರಗ, ಭುಜಗ, ಪನ್ನಗ, ಜಂಗಮ, ಜಗತ್ತು ಇವೆಲ್ಲ ಒಂದೇ ಬೇರಿನ ಕೊಂಬೆಗಳು. ಎರಡನೆಯ ವ್ಯುತ್ಪತ್ತಿಯನ್ನು ಒಪ್ಪಿದರೆ ನಾಗವೂ ಅವುಗಳೊಡನೆ ಸೇರುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವ್ಯಾಕರಣದ ವ್ಯುತ್ಪತ್ತಿ ಬೇರೆ, ಶಬ್ದದ ಇತಿಹಾಸ ಬೇರೆ. ನಾಗ ಶಬ್ದದ ಚಾರಿತ್ರಿಕ ಮೂಲದ ವಿಷಯದಲ್ಲಿ ಆಧುನಿಕ ಭಾಷಾಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಇಂಗ್ಲಿಷಿನ 'ಸ್ನೇಕ್' ಶಬ್ದದೊಡನೆ ಅದಕ್ಕೆ ನಂಟನ್ನು ಊಹಿಸಿದವರುಂಟು. ಮೈಮೇಲೆ ಕೂದಲಿಲ್ಲದ ಪ್ರಾಣಿಯೆಂದು 'ನಗ್ನ' ಶಬ್ದದೊಡನೆ ಸೇರಿಸಿದವರೂ ಉಂಟು. ಆದರೂ ನಿರುಕ್ತಿಯು ನಿಷ್ಪ್ರಯೋಜಕವಲ್ಲ. ಶಬ್ದವು ಎಲ್ಲಿಂದ ಬಂದಿತೆಂಬುದನ್ನು ಅದು ಖಚಿತವಾಗಿ ಹೇಳದಿದ್ದರೂ, ಆ ಶಬ್ದವನ್ನು ಬಳಸಿದ ವಿದ್ವಾಂಸರು ಅದರಲ್ಲಿ ಏನನ್ನು ಕಂಡರೆಂಬುದನ್ನು ತಿಳಿಸುತ್ತದೆ. ಅವರು ನಾಗನಲ್ಲಿ ಕಂಡುದು ಚಲನೆಯನ್ನು.

ಈ ಹಿನ್ನೆಲೆಯಲ್ಲಿ ಬಸವಣ್ಣನವರ ಪ್ರಸಿದ್ಧವಾದ ವಚನವನ್ನು ನೆನೆಯತಕ್ಕದ್ದು. ಶಿಲೆಯಲ್ಲಿ ಕೆತ್ತಿದ ಸರ್ಪಕ್ಕೆ ಕ್ಷೀರವನ್ನು ಅರ್ಪಿಸಿರೆಂದು ಹೇಳುವ ಜನರೇ ಜೀವಂತ ಸರ್ಪವು ಎದುರಾದಾಗ ಅದರ ವಧೆಗೆ ಮುಂದಾಗುವರೆಂದು ಅವರು ಅಲ್ಲಿ ತೋರಿಸುತ್ತಾರೆ. ಅದೇ ರೀತಿಯಲ್ಲಿ ಹಸಿವುಳ್ಳ ಜಂಗಮನು ಬಾಗಿಲಿಗೆ ಬಂದಾಗ ಅವನನ್ನು ಮುಂದಕ್ಕೆ ಕಳುಹಿಸಿ, ಹಸಿವಿಲ್ಲದ ಲಿಂಗದ ಮುಂದೆ ನೈವೇದ್ಯವನ್ನು ಹಿಡಿಯುವುದನ್ನೂ ಎತ್ತಿ ಆಡುತ್ತಾರೆ. ಶರಣರನ್ನು ಕಡೆಗಣಿಸಿದವರ ಗತಿಯು ಬಂಡೆಗೆ ಬಡಿದು ಪುಡಿಯಾಗುವ ಮಣ್ಣುಹೆಂಟೆಯ ಗತಿಯೆಂದು ಎಚ್ಚರಿಸಿ ಮುಗಿಸುತ್ತಾರೆ.

ಈ ವಚನದಲ್ಲಿ ಎರಡು ಜೋಡಿಗಳಿವೆ. ಒಂದು ಕಡೆ ಕಲ್ಲಿನ ಹಾವು, ಜೀವದ ಹಾವು. ಇನ್ನೊಂದು ಕಡೆ ಉಣ್ಣದ ಲಿಂಗ, ಉಣ್ಣುವ ಜಂಗಮ. ಮೇಲುನೋಟಕ್ಕೆ ಇದೊಂದು ಉಪಮಾನವೆಂದು ತೋರುವುದು. ಹಾವಿನ ಬದಲು ಬೇರೊಂದು ಪ್ರಾಣಿಯನ್ನು ಹೇಳಿದ್ದರೂ ನಡೆಯುತ್ತಿತ್ತೆನಿಸಬಹುದು. ಶಬ್ದಾರ್ಥವನ್ನು ಅರಿತವನಿಗೆ ಹಾಗೆನಿಸದು. ನಾಗನು ಹೆಸರಿನಲ್ಲಿಯೇ ಚಲಿಸುವವನು. ಜಂಗಮನೂ ಹೆಸರಿನಲ್ಲಿಯೇ ಚಲಿಸುವವನು. ನಾಗನನ್ನು ಕಲ್ಲಿನಲ್ಲಿ ನಿಲ್ಲಿಸುವುದೆಂದರೆ ಅವನನ್ನು ಮರಳಿ ನಗವನ್ನಾಗಿಸುವುದು, ಚಲಿಸುವುದನ್ನು ಚಲಿಸದಂತೆ ಮಾಡುವುದು. ಚಲಿಸದುದರಿಂದ ಭಯವಿಲ್ಲ, ಖರ್ಚಿಲ್ಲ, ಪ್ರಶ್ನೆಯಿಲ್ಲ. ಕಲ್ಲಿನ ನಾಗನು ಕಚ್ಚುವುದಿಲ್ಲ. ಕಲ್ಲಿನ ದೇವರು ಅನ್ನ ಬೇಡುವುದಿಲ್ಲ. ಆದುದರಿಂದಲೇ ಮನುಷ್ಯನಿಗೆ ಸ್ಥಾವರವು ಪ್ರಿಯ, ಜಂಗಮವು ಅಪ್ರಿಯ. ಬಸವಣ್ಣನವರು ಬೆರಳಿಟ್ಟು ತೋರಿಸಿದುದು ಈ ಸೌಕರ್ಯದ ಭಕ್ತಿಯನ್ನು.

ಇದರಿಂದ ಲಿಂಗಪೂಜೆಯೇ ವ್ಯರ್ಥವೆಂಬ ತಾತ್ಪರ್ಯವನ್ನು ತೆಗೆಯಲಾಗದು. ಗುರುವು ಕರುಣಿಸಿ ಕರಸ್ಥಲಕ್ಕಿತ್ತ ಇಷ್ಟಲಿಂಗವು ಗುಡಿಯ ಗೋಡೆಗಳ ನಡುವೆ ನೆಟ್ಟ ಶಿಲೆಯಂತಲ್ಲ. ಭಕ್ತನು ಹೊಲಕ್ಕೆ ಹೋದರೆ ಅದು ಹೊಲಕ್ಕೆ ಬರುವುದು. ಕಾಯಕದ ಎಡೆಯಲ್ಲಿ, ಹಾದಿಯಲ್ಲಿ, ರೋಗಶಯ್ಯೆಯಲ್ಲಿ ಅವನೊಡನಿರುವುದು. ಭಕ್ತನ ಎದೆಯ ಮೇಲಿದ್ದು ಅವನ ನಡೆಯೊಡನೆ ನಡೆಯುವ ಲಿಂಗ ಅದು. ಆ ಲಿಂಗದ ಮುಖವೇ ಜಂಗಮವೆಂದು ಶರಣರು ಸಾರಿದರು. ಮರದ ಬೇರಿಗೆ ನೀರೆರೆದರೆ ಚಿಗುರು ತಣಿಯುವಂತೆ, ಜಂಗಮಕ್ಕೆ ನೀಡಿದುದು ಲಿಂಗವನ್ನು ಮುಟ್ಟುವುದು. ಲಿಂಗವನ್ನು ಪೂಜಿಸಿ ಜಂಗಮವನ್ನು ಹಸಿದು ಕಳುಹಿಸಿದವನು ತಾನು ಪೂಜಿಸಿದುದರ ಬಾಯನ್ನೇ ಮುಚ್ಚಿದಂತಾಯಿತು.

ನಡಗೆಯ ವಿಷಯದಲ್ಲಿ ಹಾವಿನಿಂದ ಕಲಿಯಬೇಕಾದುದೂ ಉಂಟು. ಅದರ ಗತಿ ವಕ್ರವೆಂದು ಕೋಶಕಾರರು ಹೆಸರಿಟ್ಟರು. ಆದರೆ ಹುತ್ತವನ್ನು ಹೊಗುವಾಗ ಆ ವಕ್ರತೆ ಹುತ್ತದ ದಾರಿಗೆ ಹೊಂದಿಯೇ ಇರುವುದೆಂದು, ಶರಣರ ನಡೆ ಲೋಕಕ್ಕೆ ಸೊಟ್ಟಗೆ ಕಂಡರೂ ಲಿಂಗಕ್ಕೆ ನೇರವೆಂದು ಬಸವಣ್ಣನವರು ಇನ್ನೊಂದು ವಚನದಲ್ಲಿ ಹೇಳಿದ್ದಾರೆ. ಹುತ್ತದ ಮೇಲೆ ಹೊಡೆದು ಒಳಗಿನ ಉರಗವನ್ನು ಕೊಂದೆನೆಂದು ತಿಳಿಯುವವನ ಅವಿವೇಕವನ್ನು ಮತ್ತೊಂದೆಡೆ ತೋರಿಸಿ, ದೇಹವನ್ನು ದಂಡಿಸಿದ ಮಾತ್ರಕ್ಕೆ ಅಂತರಂಗವು ಶುದ್ಧವಾಗದೆಂದು ಬೋಧಿಸಿದ್ದಾರೆ. ಅಕ್ಕಮಹಾದೇವಿಯವರು ವಿಷದ ಹಲ್ಲನ್ನು ಕಿತ್ತು ಹಾವಿನೊಡನೆ ಆಡಬಲ್ಲ ಜಾಣ್ಮೆಯನ್ನು ಕಾಯದ ಸಂಗಕ್ಕೆ ಹೋಲಿಸಿದರು. ಕಾಯವನ್ನು ಕೊಲ್ಲಬೇಕಾಗಿಲ್ಲ, ಅದರ ವಿಕಾರವೆಂಬ ಹಲ್ಲನ್ನು ಕಳೆದರೆ ಸಾಕು. ಈ ಮೂರು ಬೋಧೆಗಳಲ್ಲಿ ಎಲ್ಲಿಯೂ ಹಾವು ಹೊಡೆಯತಕ್ಕ ವೈರಿಯಲ್ಲ; ಅರಿಯತಕ್ಕ ವಸ್ತು.

ಸಂಸ್ಕೃತದಲ್ಲಿ ಹಾವಿಗೆ 'ದ್ವಿಜಿಹ್ವ' ಎಂಬ ಹೆಸರೂ ಉಂಟು; ಎರಡು ನಾಲಗೆಯದು ಎಂದರ್ಥ. ಇದೇ ಶಬ್ದಕ್ಕೆ ಚಾಡಿಕೋರನೆಂಬ ಇನ್ನೊಂದು ಅರ್ಥವನ್ನು ಕೋಶವು ಕೊಡುತ್ತದೆ. ಹಾವಿನ ಸೀಳುನಾಲಗೆಯು ಗಾಳಿಯಲ್ಲಿನ ವಾಸನೆಯನ್ನು ಹಿಡಿಯುವುದಕ್ಕೆ ಪ್ರಕೃತಿಯು ಕೊಟ್ಟ ಸಾಧನ, ಅದರಲ್ಲಿ ಕಪಟವಿಲ್ಲ. ಒಂದೇ ನಾಲಗೆಯುಳ್ಳ ಮನುಷ್ಯನು ಕಟ್ಟೆಯ ಮೇಲೆ 'ನಾಗಪ್ಪ' ಎಂದು, ಬಣವೆಯ ಬಳಿ 'ಹಾವು' ಎಂದು ನುಡಿದು ಆ ನಾಲಗೆಯನ್ನು ಎರಡಾಗಿಸಿಕೊಳ್ಳುತ್ತಾನೆ. ನುಡಿಯಂತೆ ನಡೆಯಿರಬೇಕೆಂಬುದು ಶರಣಮಾರ್ಗದ ತಳಹದಿ. ನುಡಿಯೇ ಎರಡಾದಲ್ಲಿ ನಡೆಯು ಯಾವುದನ್ನು ಅನುಸರಿಸಬೇಕು?

ಇದು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯಬಾರದು. ಶ್ರಾವಣವು ಮಳೆಯ ತಿಂಗಳು. ಬಿಲಗಳಿಗೆ ನೀರು ನುಗ್ಗಿದಾಗ ಹಾವು ಮೇಲಕ್ಕೆ ಬರುವುದು. ಅದೇ ಹೊತ್ತಿಗೆ ರೈತನೂ ಕೂಲಿಯವಳೂ ಬರಿಗಾಲಿನಲ್ಲಿ ಹೊಲಕ್ಕೆ ಇಳಿಯುವರು. 2020ರಲ್ಲಿ ಪ್ರಕಟವಾದ ಒಂದು ವ್ಯಾಪಕ ಅಧ್ಯಯನದ ಅಂದಾಜಿನಂತೆ 2000ದಿಂದ 2019ರ ವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿದು ಮೃತಪಟ್ಟರು. ಎಂದರೆ ವರ್ಷಕ್ಕೆ ಸರಾಸರಿ 58,000 ಜನ. ಅವರಲ್ಲಿ ಬಹುಪಾಲು ಹಳ್ಳಿಯವರು. ಸುಮಾರು ಅರ್ಧದಷ್ಟು ಸಾವುಗಳು ಮಳೆಗಾಲದವು. ಕರ್ನಾಟಕ ಸರಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಪ್ರತಿವಿಷದ ಔಷಧವು ದೊರೆಯುತ್ತದೆ. ಆದರೆ ಕಡಿಸಿಕೊಂಡವನನ್ನು ಮಂತ್ರ ಹಾಕುವವನ ಮನೆಗೆ ಒಯ್ದು, ಗಾಯವನ್ನು ಕೊಯ್ದು, ಹಗ್ಗವನ್ನು ಬಿಗಿದು ಕಾಲಹರಣ ಮಾಡಿದರೆ ಆ ಔಷಧವು ಬದುಕಿಸಲಾರದು. ಕಡಿತಕ್ಕೊಳಗಾದ ಅಂಗವನ್ನು ಅಲುಗಿಸದೆ, ಧೈರ್ಯ ಹೇಳಿ, ನೇರವಾಗಿ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ. ಕೈಯಲ್ಲಿ ಹಾವನ್ನೇ ಹಿಡಿದು ಹೊರಟ ಹಾವಾಡಿಗನು ಎದುರು ಬಂದವಳನ್ನು ಕಂಡು ಶಕುನ ಕೆಟ್ಟಿತೆಂದು ಕೊರಗುವ ಅಂಧವಿಶ್ವಾಸವನ್ನು ಹಾಸ್ಯಮಾಡಿದ ಬಸವಣ್ಣನವರ ಅನುಯಾಯಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇತ್ತ ಹಾವಿನ ಪಾಡೂ ವಿಚಾರಾರ್ಹ. ಅದು ಹಾಲನ್ನು ಆಹಾರವಾಗಿ ಕುಡಿಯುವ ಪ್ರಾಣಿಯಲ್ಲ. ಇಲಿ, ಕಪ್ಪೆ, ಹಲ್ಲಿಗಳು ಅದರ ಆಹಾರ. ಕಣಜದ ಕಾಳನ್ನು ತಿನ್ನುವ ಇಲಿಯನ್ನು ಹಿಡಿದು ಕೆರೆಹಾವು ಒಕ್ಕಲಿಗನಿಗೆ ಉಪಕಾರವನ್ನೇ ಮಾಡುತ್ತದೆ, ಅದಕ್ಕೆ ವಿಷವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಹಾವುಗಳಿಗೆ ರಕ್ಷಣೆಯನ್ನು ಕೊಟ್ಟಿದೆ. ಮನೆಯೊಳಗೆ ಬಂದ ನಾಗರಹಾವನ್ನು ಕೈಯಿಂದ ಹಿಡಿಯೆಂದು ಯಾರೂ ಹೇಳರು. ದೂರ ನಿಂತು, ಮಕ್ಕಳನ್ನು ಸರಿಸಿ, ಹಿಡಿಯಬಲ್ಲವರನ್ನು ಕರೆಸಿ ಕಾಡಿಗೆ ಬಿಡಿಸುವುದು ಸಾಧ್ಯ. ಭಯವಿರುವುದು ತಪ್ಪಲ್ಲ. ಭಯವನ್ನು ಬಡಿಗೆಯಾಗಿಸಿಕೊಂಡು, ಆ ತಪ್ಪನ್ನು ಪಂಚಮಿಯ ಹಾಲಿನಿಂದ ತೊಳೆದೆನೆಂದು ಭಾವಿಸುವುದು ತಪ್ಪು.

ಹಾಗಾದರೆ ಪಂಚಮಿಯ ಹಬ್ಬವನ್ನೇ ಬಿಡಬೇಕೆ? ತವರಿಗೆ ಬಂದ ಮಗಳು, ಜೋಕಾಲಿ, ಉಂಡೆಗಳ ಬುಟ್ಟಿ, ಅಣ್ಣ ತಂಗಿಯರ ಅಕ್ಕರೆ ಇವುಗಳಲ್ಲಿ ಯಾವುದನ್ನೂ ಬಸವಣ್ಣನವರು ಬೇಡವೆನ್ನಲಿಲ್ಲ. ಎರೆಯುವ ಹಾಲು ಎಲ್ಲಿಗೆ ಹೋಗಬೇಕೆಂಬುದೇ ಅವರ ಪ್ರಶ್ನೆ. ಇತ್ತೀಚಿನ ವರ್ಷಗಳಲ್ಲಿ ನಾಡಿನ ಕೆಲವು ಮಠಗಳೂ ಸಂಘಟನೆಗಳೂ ಈ ದಿನವನ್ನು ಬಸವಪಂಚಮಿಯೆಂದು ಆಚರಿಸಿ, ಕಲ್ಲಿಗೆ ಎರೆಯುವ ಹಾಲನ್ನು ಮಕ್ಕಳಿಗೂ ರೋಗಿಗಳಿಗೂ ಕೊಡುವ ಪರಿಪಾಠವನ್ನು ಹಾಕಿವೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂಬ ಆ ಹಳೆಯ ಎಣಿಕೆಯಲ್ಲಿ ಒಂದೇ ಒಂದು ಪಾಲು ಬಿಟ್ಟುಹೋಗಿತ್ತು: ಹಸಿದು ಬಾಗಿಲಿಗೆ ಬಂದವನ ಪಾಲು. ಅದನ್ನು ಸೇರಿಸಿದರೆ ಎಣಿಕೆಯು ಪೂರ್ಣವಾಗುವುದು.

ಜಂಗಮನೆಂದರೆ ಯಾರು ಎಂಬುದನ್ನೂ ಇಲ್ಲಿಯೇ ನೆನೆಯಬೇಕು. ಅರಿವನ್ನು ಹೊತ್ತು ಊರಿಂದೂರಿಗೆ ನಡೆದು, ಭಕ್ತರ ಬಾಗಿಲಲ್ಲಿ ನಿಂತು ಬೋಧಿಸುವ ಮಹಾತ್ಮನು ಜಂಗಮನೆಂಬುದು ಸರ್ವವಿದಿತ. ಶಬ್ದದ ಅರ್ಥವನ್ನು ಹಿಡಿದು ಹೋದರೆ ಚೈತನ್ಯವು ಎಲ್ಲೆಲ್ಲಿ ಚಲಿಸುವುದೋ ಅಲ್ಲೆಲ್ಲ ಅದರ ಅಂಶವುಂಟು. ಮಳೆಯಲ್ಲಿ ಕಳೆ ಕೀಳುವ ಕೂಲಿಯವಳ ಬರಿಗಾಲಿನಲ್ಲಿ ಅದು ನಡೆಯುತ್ತದೆ. ಆ ಕಾಲಿಗೆ ಒಂದು ಜೊತೆ ಪಾದರಕ್ಷೆಯನ್ನು ಕೊಡಿಸಿದರೆ ಅದೂ ಜಂಗಮಸೇವೆಯೇ. ವಿಷವೇರಿದವನನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದರೆ ಅದೂ ದಾಸೋಹವೇ. ಬಣವೆಯಲ್ಲಿ ಮುದುರಿ ಮಲಗಿದ ಉರಗದ ಎದೆಯ ಮೇಲೂ ಆ ಚೈತನ್ಯವು ಹರಿದಾಡುತ್ತದೆ. ದಯೆಗೆ ಇಂಥ ಪ್ರಾಣಿ, ಇಂಥದಲ್ಲ ಎಂಬ ವಿಭಾಗವನ್ನು ಶರಣರು ಮಾಡಿಕೊಡಲಿಲ್ಲ.

ಮುಂದಿನ ಪಂಚಮಿಯಂದು ಆ ಬಾಲಕನು ಮತ್ತೆ ಕಟ್ಟೆಯ ಬಳಿ ನಿಂತು ಕೇಳಿಯಾನು. ಆಗ ಅಜ್ಜಿಯು, "ಇದೂ ನಾಗಪ್ಪ, ಅದೂ ನಾಗಪ್ಪ, ತಮ್ಮಾ. ಇದು ನಡಿಯಾಂಗಿಲ್ಲ, ಅದು ನಡಿತದ. ಮೊನ್ನೆ ಹೊಡೆದದ್ದು ತಪ್ಪಾತು" ಎಂದು ಹೇಳಿ, ಬಟ್ಟಲಲ್ಲಿ ಉಳಿದ ಹಾಲನ್ನು ಅವನ ಕೈಗಿತ್ತು, ಕಟ್ಟೆಯ ಆಚೆ ಕೂಸನ್ನೆತ್ತಿಕೊಂಡು ನಿಂತ ಬಡವಿಗೆ ಕೊಟ್ಟುಬರಲು ಕಳುಹಿಸಿದಳಾದರೆ, ನಾಗ ಶಬ್ದದ ಸರಿಯಾದ ಅರ್ಥವು ಆ ಮನೆಯಲ್ಲಿ ಒಂದು ತಲೆಮಾರಿಗೆ ನಿಲ್ಲುವುದು. ಕೋಶವನ್ನು ಓದದೆಯೂ ಅವಳು ನಗವನ್ನು ನಾಗನನ್ನಾಗಿಸಿದಳು. ಸ್ಥಾವರಕ್ಕೆ ಎರೆದ ಹಾಲನ್ನು ಜಂಗಮಕ್ಕೆ ಮುಟ್ಟಿಸಿದಳು.